ಕುಟುಂಬ ಪಾಠ: ದೂರದ ಊರಿನಲ್ಲಿರುವ ಯಜಮಾನ

ಮೊದಲು ಓದಿಕೊಳ್ಳಬೇಕಾದ ಭಾಗ: ತೋಬಿತನ ಗ್ರಂಥ, 5 ಮತ್ತು 10ನೇ ಅಧ್ಯಾಯಗಳು



ವಿವಾಹ ಸಂಸ್ಕಾರದ ಬಗ್ಗೆ ನಾವು ಕೇಳುವ ಪ್ರಬೋಧನೆಗಳು ಗಂಡ ಹೆಂಡತಿ ಇಬ್ಬರೂ ಒಂದೇ ಸೂರಿನ ಕೆಳಗಿದ್ದಾರೆ ಎಂದುಕೊಂಡೇ ಮಾತನಾಡುತ್ತವೆ. ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಹಾಗಿಲ್ಲ. ರಾಯಕೋಟೆಯ ಟೊಮೇಟೊ, ಹೊಸೂರಿನ ಹೂವು ತುಂಬಿಕೊಂಡು ಲಾರಿ ಹತ್ತಿದವರು ದಿನಗಟ್ಟಲೆ ಹೊರಗಿರುತ್ತಾರೆ. ತಳಿ, ಅಂಚೆಟ್ಟಿ, ಡೆಂಕಣಿಕೋಟೆ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ವಾರಕ್ಕೊಮ್ಮೆ ಬರುತ್ತಾರೆ, ಕೆಲವರು ಹಬ್ಬಕ್ಕೊಮ್ಮೆ. ಸೈನ್ಯದಲ್ಲಿರುವವರು, ಗಲ್ಫ್ ದೇಶಗಳಲ್ಲಿರುವವರು ಮನೆ ಮುಖ ನೋಡಲು ವರ್ಷ ಕಾಯಬೇಕು. ಭಾನುವಾರದ ಬಲಿಪೂಜೆಗೆ ಮಕ್ಕಳನ್ನು ಒಬ್ಬರೇ ಕರೆದುಕೊಂಡು ಬರುವ ತಾಯಂದಿರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಈ ಪಾಠ ಅವರಿಗಾಗಿ, ಅವರ ಯಜಮಾನರಿಗಾಗಿ, ಮತ್ತು ಅವರ ಅಕ್ಕಪಕ್ಕದಲ್ಲಿರುವ ನಮಗೆಲ್ಲರಿಗಾಗಿ.

1. ದಾರಿ ನೋಡುತ್ತಿದ್ದ ಅನ್ನಾ

ತೋಬಿತನಿಗೆ ಕಣ್ಣು ಹೋಗಿತ್ತು, ಮನೆಯಲ್ಲಿ ಬಡತನ. ಮೇದ್ಯ ದೇಶದಲ್ಲಿ ನಂಟನೊಬ್ಬನ ಬಳಿ ಇಟ್ಟಿದ್ದ ಹಣ ಅವನ ನೆನಪಿಗೆ ಬಂತು. ಅದನ್ನು ತರಲು ಮಗ ತೋಬಿಯನನ್ನು ಕಳುಹಿಸಿದ. ಮಗ ಹೊರಟ ದಿನ ತಾಯಿ ಅನ್ನಾ ಅತ್ತಳು. ನಮಗೆ ಮಗನಿಗಿಂತ ಹಣ ದೊಡ್ಡದಾಯಿತೇ ಎಂದು ಗಂಡನನ್ನು ಕೇಳಿದಳು. ಪವಿತ್ರ ಗ್ರಂಥ ಅವಳ ಈ ಮಾತನ್ನು ಮುಚ್ಚಿಡುವುದಿಲ್ಲ, ಅವಳನ್ನು ಗದರಿಸುವುದೂ ಇಲ್ಲ. ಹೇಳಿದ ದಿನಕ್ಕೆ ಮಗ ಬಾರದೆ ಹೋದಾಗ ಅವಳು ದಿನವೂ ಹೊರಗೆ ಹೋಗಿ ಅವನು ಹೋದ ದಾರಿಯನ್ನೇ ನೋಡುತ್ತಿದ್ದಳು.

ಇತ್ತ ತೋಬಿಯನಿಗೂ ಮನೆಯವರು ದಿನ ಎಣಿಸುತ್ತಿದ್ದಾರೆ ಎಂಬುದು ಗೊತ್ತಿತ್ತು. ಮದುವೆಯ ಸಂಭ್ರಮದಲ್ಲಿ ಮಾವ ಇನ್ನೂ ಇರು ಎಂದು ಒತ್ತಾಯಿಸಿದರೂ ಅವನು ಕೇಳಲಿಲ್ಲ. ತನ್ನನ್ನು ಕಾಯುತ್ತಿರುವವರು ಅವನ ಮನಸ್ಸಿನಲ್ಲಿದ್ದರು. ದೂರ ಹೋಗುವುದನ್ನು ಪವಿತ್ರ ಗ್ರಂಥ ತಪ್ಪು ಎನ್ನುವುದಿಲ್ಲ. ಆದರೆ ಹೋದವನಿಗೆ ಮನೆಯ ನೆನಪಿದೆಯೇ, ಮನೆಯವರ ಕಣ್ಣೀರನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡನೇ ಎಂದು ನೋಡುತ್ತದೆ.

2. ನಮ್ಮ ಸೀಮೆಯಲ್ಲಿ ಓಡಾಡಿದ ಒಬ್ಬ ಗಂಡ

ಇದನ್ನು ಇನ್ನಷ್ಟು ಹತ್ತಿರದಿಂದ ನೋಡಲು ನಮ್ಮ ಸೀಮೆಯ ಚರಿತ್ರೆಯಿಂದ ಒಬ್ಬರನ್ನು ತೆಗೆದುಕೊಳ್ಳೋಣ. ಅವರು ಸರ್ ಥಾಮಸ್ ಮನ್ರೋ. ಶಾಲೆಯಲ್ಲಿ ರೈತವಾರಿ ಪದ್ಧತಿಯ ಪಾಠ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ಅವರು ಸ್ಕಾಟ್ಲೆಂಡಿನವರು, ಕಥೋಲಿಕರಲ್ಲ. ಕಂಪನಿ ಸರ್ಕಾರದ ಅಧಿಕಾರಿಯಾಗಿ ಬಂದವರು. ಆ ಸರ್ಕಾರದ ಕಂದಾಯದ ಭಾರವನ್ನು ಹೊತ್ತವರು ನಮ್ಮ ರೈತರು. ಹಾಗಾಗಿ ಅವರ ಆಡಳಿತವನ್ನು ಹೊಗಳುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಒಬ್ಬ ಗಂಡನಾಗಿ, ತಂದೆಯಾಗಿ ಅವರ ಬದುಕಿನ ಕೊನೆಯ 16 ತಿಂಗಳುಗಳಲ್ಲಿ ನಮಗೊಂದು ಪಾಠವಿದೆ.

ಮನ್ರೋ 1761ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿದರು. 1780ರಲ್ಲಿ ಸಿಪಾಯಿ ದಳದ ತರುಣನಾಗಿ ಮದ್ರಾಸಿಗೆ ಬಂದರು. 1792ರಲ್ಲಿ ಟಿಪ್ಪು ಸುಲ್ತಾನರೊಂದಿಗೆ ಆದ ಶ್ರೀರಂಗಪಟ್ಟಣದ ಒಪ್ಪಂದದಂತೆ ಕೃಷ್ಣಗಿರಿ, ಧರ್ಮಪುರಿ ಭಾಗದ ಬಾರಾಮಹಲ್ ಸೀಮೆ ಕಂಪನಿಯ ಕೈಗೆ ಬಂತು. ಅದರ ಆಡಳಿತಕ್ಕೆ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ನೇಮಕವಾದರು. ಅವರ ಸಹಾಯಕರಲ್ಲಿ ಮನ್ರೋ ಒಬ್ಬರು. 1799ರವರೆಗೆ ಏಳು ವರ್ಷ ಅವರು ಈ ಸೀಮೆಯ ಹಳ್ಳಿಗಳಲ್ಲಿ ಕುದುರೆಯ ಮೇಲೆ ಓಡಾಡಿ, ಡೇರೆಯಲ್ಲಿ ಮಲಗಿ, ಹೊಲಗಳ ಅಳತೆ ಮತ್ತು ಕಂದಾಯದ ಕೆಲಸ ಮಾಡಿದರು. ಧರ್ಮಪುರಿಯಲ್ಲಿ ಒಂದು ತೋಟ ಮಾಡಿಕೊಂಡಿದ್ದರು. ಈ ಸೀಮೆಯನ್ನು ಬಿಟ್ಟು ಕೆನರಾ ಕಡೆಗೆ ಹೋದ ಮೇಲೆ ತಮ್ಮ ಬೇಸರವನ್ನು ಅಕ್ಕತಂಗಿಯರ ಬಳಗಕ್ಕೆ ಬರೆದರು.

ಆಗ ಅವರಿಗೆ ಮದುವೆಯಾಗಿರಲಿಲ್ಲ. ಊರಿಗೆ ಹಿಂತಿರುಗಿದ ಮೇಲೆ, 1814ರ ಮಾರ್ಚ್ 30ರಂದು, ಜೇನ್ ಕ್ಯಾಂಪ್‌ಬೆಲ್ ಎಂಬವರನ್ನು ಮದುವೆಯಾದರು. ಮನ್ರೋ ಅವರಿಗೆ ಆಗ 52 ವರ್ಷ. ಅದೇ ವರ್ಷ ದಂಪತಿಗಳು ಭಾರತಕ್ಕೆ ಬಂದರು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರ್ ಆದರು. ಇಬ್ಬರು ಗಂಡು ಮಕ್ಕಳಾದರು.

3. ಅಂದಿನ ಪ್ರಯಾಣ

ಅಂದಿನ ಅಗಲಿಕೆ ಎಂಥದು ಎಂದು ತಿಳಿಯಲು ಅಂದಿನ ಪ್ರಯಾಣ ಹೇಗಿತ್ತು ಎಂದು ತಿಳಿಯಬೇಕು. ಆ ಕಾಲಕ್ಕೆ ಇಂಗ್ಲೆಂಡಿನಲ್ಲಿ ಊರಿಂದ ಊರಿಗೆ ಕುದುರೆ ಬದಲಿಸುತ್ತಾ ಓಡುವ ಸಾರೋಟುಗಳಿದ್ದವು. ನಮ್ಮ ಕಡೆ ಅಂಥ ರಸ್ತೆಗಳೇ ಇರಲಿಲ್ಲ. ಉಳ್ಳವರು ಕುದುರೆಯ ಮೇಲೆ ಅಥವಾ ಪಲ್ಲಕ್ಕಿಯಲ್ಲಿ ಹೋಗುತ್ತಿದ್ದರು. ಪಲ್ಲಕ್ಕಿ ಹೊರುವ ಬೋಯಿಗಳು ಸರದಿಯ ಮೇಲೆ ಹೆಗಲು ಕೊಡುತ್ತಿದ್ದರು. ಸಾಮಾನು ಎತ್ತಿನ ಗಾಡಿಯಲ್ಲಿ, ಬಡವರು ಕಾಲ್ನಡಿಗೆಯಲ್ಲಿ. ದೊಡ್ಡ ಅಧಿಕಾರಿಯೊಬ್ಬರು ಪ್ರವಾಸ ಹೊರಟರೆ ಡೇರೆ, ಪಾತ್ರೆಪಗಡೆ, ಕಾವಲು ದಳ ಎಲ್ಲವೂ ಜೊತೆಗೆ ಸಾಗಬೇಕಿತ್ತು. ಬಿಸಿಲೇರುವ ಮೊದಲೇ ನಡೆದು, ಮುಂದಿನ ತೋಪಿನಲ್ಲಿ ಇಳಿದುಕೊಳ್ಳುವುದು ವಾಡಿಕೆ.

ನದಿ ಬಂದರೆ ಪ್ರಯಾಣ ಅಲ್ಲೇ ನಿಲ್ಲುತ್ತಿತ್ತು. ಸೇತುವೆ ಇಲ್ಲದ ಕಡೆ ಮಳೆಗಾಲದಲ್ಲಿ ಹರಿಗೋಲೇ ಗತಿ. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ ಆ ದುಂಡು ದೋಣಿಯನ್ನು ನಾವು ಇಂದಿಗೂ ಹೊಗೇನಕಲ್ಲಿನಲ್ಲಿ ಕಾಣುತ್ತೇವೆ. ನಮಗೆ ಅದು ಈಗ ರಜೆಯ ದಿನದ ಮೋಜು. ಅವರಿಗೆ ಅದು ಆಚೆ ದಡಕ್ಕೆ ಹೋಗುವ ಒಂದೇ ದಾರಿ.

ಸಮುದ್ರದ ದಾರಿ ಇನ್ನೂ ಕಷ್ಟ. ಮದ್ರಾಸಿಗೆ ಆಗ ಕಟ್ಟಿದ ಬಂದರು ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕಿರುತ್ತಿತ್ತು. ಹಗ್ಗದಿಂದ ಹೊಲಿದ ಮಸೂಲಾ ದೋಣಿಗಳಲ್ಲಿ ಕುಳಿತು, ಅಲೆಗಳನ್ನು ದಾಟಿ, ಹಡಗು ಸೇರಬೇಕಿತ್ತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚೆ ಹಡಗುಗಳು ಆಫ್ರಿಕಾ ಖಂಡವನ್ನು ಸುತ್ತಿಕೊಂಡು ಹೋಗುತ್ತಿದ್ದವು, ಪ್ರಯಾಣಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಕಾಗದಗಳೂ ಅದೇ ಹಡಗಿನಲ್ಲಿ ಹೋಗಬೇಕು. ಗಂಡ ಬರೆದ ಪ್ರಶ್ನೆ ಹೆಂಡತಿಗೆ ತಲುಪಿ, ಅವಳ ಉತ್ತರ ಹಿಂದಕ್ಕೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ವರ್ಷವೇ ಆಗುತ್ತಿತ್ತು.

4. ಖಾಲಿ ಮನೆಯಿಂದ ಬರೆದ ಕಾಗದ

1826ರ ಮಾರ್ಚ್ ತಿಂಗಳಲ್ಲಿ ಮನ್ರೋ ದಂಪತಿಗಳು ಅಗಲಬೇಕಾಯಿತು. ಅವರ ಕಿರಿಯ ಮಗ ಕ್ಯಾಂಪ್‌ಬೆಲ್ ಇನ್ನೂ ಪುಟ್ಟ ಹುಡುಗ, ಮನೆಯಲ್ಲಿ ಕರೆಯುತ್ತಿದ್ದ ಹೆಸರು ಕೇಮನ್. ಅವನ ಆರೋಗ್ಯ ಕೆಟ್ಟಿತು. ಮಗುವನ್ನು ಉಳಿಸಿಕೊಳ್ಳಲು ತಾಯಿ ಅವನನ್ನು ಕರೆದುಕೊಂಡು ಹಡಗು ಹತ್ತಿದರು. ತಂದೆ ಕೆಲಸದ ಮೇಲೆ ಇಲ್ಲೇ ಉಳಿದರು.

ಹೆಂಡತಿ ಹೊರಟ ಮೇಲೆ ಮನ್ರೋ ಅವರಿಗೆ ಕಾಗದ ಬರೆಯುತ್ತಲೇ ಇದ್ದರು. ಮನ್ರೋ ತೀರಿಕೊಂಡ ಮೇಲೆ, 1830ರಲ್ಲಿ, ಗ್ಲೀಗ್ ಎಂಬ ಆಂಗ್ಲಿಕನ್ ಪಾದ್ರಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಅವುಗಳಲ್ಲಿ ಕೆಲವು ಅಚ್ಚಾಗಿವೆ. ಇಂದು ತಮಿಳುನಾಡಿನ ರಾಜ್ಯಪಾಲರು ವಾಸಿಸುವ ಗಿಂಡಿಯಲ್ಲಿ ಆಗಲೂ ಗವರ್ನರ್ ಮನೆ ಇತ್ತು. ಅಲ್ಲಿಗೆ ಒಬ್ಬರೇ ಹೋದಾಗ ಮನ್ರೋ ಬರೆದ ಕಾಗದವೊಂದಿದೆ. ಮನೆ ಬರಿದಾಗಿ ಕಾಣುತ್ತದೆ, ಮಗುವಿನ ಕೋಣೆಗೆ ಕಾಲಿಡಲು ಮನಸ್ಸು ಬರುವುದಿಲ್ಲ ಎಂದು ಅವರು ಅದರಲ್ಲಿ ಹೇಳುತ್ತಾರೆ. ಮಗುವಿನ ಜೀವ ಹೋಗುತ್ತದೋ ಉಳಿಯುತ್ತದೋ ಎಂಬಂತಿದ್ದ ಒಂದು ರಾತ್ರಿಯನ್ನು ನೆನೆಯುತ್ತಾರೆ. ಅಂದಿನ ವೈದ್ಯದಂತೆ ಮಗುವಿನ ತಲೆಗೆ ಜಿಗಣೆ ಹಚ್ಚಿದ್ದರು. ಮನೆಯವರೊಬ್ಬಳ ಮಡಿಲಲ್ಲಿ ಮಲಗಿದ್ದ ಮಗು ನೋವು, ಹೆದರಿಕೆಯಿಂದ ಅಳುತ್ತಿತ್ತು. ಆ ಮನೆಯನ್ನು ನೆನೆದಾಗಲೆಲ್ಲ ಅದೇ ಚಿತ್ರ ಕಣ್ಣ ಮುಂದೆ ನಿಲ್ಲುತ್ತದೆ ಎಂದು ಬರೆದರು.

ದಕ್ಷಿಣ ಭಾರತದ ಬಹುಭಾಗವನ್ನು ಆಳುತ್ತಿದ್ದ, ಯುದ್ಧಗಳನ್ನು ಕಂಡ, 65 ವರ್ಷದ ಮನುಷ್ಯ ತನ್ನ ಹೆಂಡತಿಗೆ ಬರೆದ ಕಾಗದ ಇದು. ಅದರಲ್ಲಿ ಅಧಿಕಾರದ ಸುದ್ದಿಯಿಲ್ಲ, ಹಣದ ಲೆಕ್ಕವಿಲ್ಲ. ಮಗು ಅತ್ತದ್ದು ನನಗೆ ನೆನಪಿದೆ, ನೀನಿಲ್ಲದೆ ಮನೆ ಮನೆಯಾಗಿಲ್ಲ ಎಂಬುದೇ ಅದರ ಸಾರ. ಅದೇ ವರ್ಷ ನೀಲಗಿರಿಗೆ ಹೋದಾಗಲೂ ಆ ಬೆಟ್ಟಗಳು ಹೇಗಿವೆ ಎಂದು ಹೆಂಡತಿಗೆ ವಿವರವಾಗಿ ಬರೆದರು. ತಾನು ಕಂಡದ್ದನ್ನು ಅವಳೂ ಕಾಣಲಿ ಎಂಬ ಆಸೆ ಅದು.

5. ಮುಂದಕ್ಕೆ ಹೋಗುತ್ತಲೇ ಇದ್ದ ದಿನ

ಮನ್ರೋ ಅವರಿಗೆ ಊರಿಗೆ ಹೋಗುವ ಮನಸ್ಸಿರಲಿಲ್ಲ ಎಂದಲ್ಲ. ಹೆಂಡತಿ ಹೊರಡುವ ಮೊದಲೇ ಅವರು ಹುದ್ದೆಯಿಂದ ಬಿಡುಗಡೆ ಕೇಳಿದ್ದರು. ಅಷ್ಟರಲ್ಲಿ 1824ರಲ್ಲಿ ಬರ್ಮಾ ಯುದ್ಧ ಶುರುವಾಯಿತು. ಇಂಥ ಹೊತ್ತಿನಲ್ಲಿ ಬಿಟ್ಟು ಹೋಗುವುದು ಸರಿಯಲ್ಲವೆಂದು ಉಳಿದುಕೊಂಡರು. 1826ರ ಫೆಬ್ರವರಿಯಲ್ಲಿ ಯುದ್ಧ ಮುಗಿಯಿತು. ಆಮೇಲೆ ಅವರ ಜಾಗಕ್ಕೆ ಬರಬೇಕಾದ ಹೊಸ ಗವರ್ನರ್ ಬರುವುದು ತಡವಾಯಿತು. ಪ್ರತಿ ಸಲವೂ ತಡಕ್ಕೆ ಒಂದು ನ್ಯಾಯವಾದ ಕಾರಣವೇ ಇತ್ತು.

1827ರಲ್ಲಿ, ಊರಿಗೆ ಹೊರಡುವ ಮೊದಲು, ಅವರು ಹಿಂದೆ ಕಲೆಕ್ಟರ್ ಆಗಿದ್ದ ಬಳ್ಳಾರಿ, ಕಡಪ ಭಾಗದ ಜಿಲ್ಲೆಗಳನ್ನು ಕೊನೆಯದಾಗಿ ನೋಡಿ ಬರಲು ಹೊರಟರು. ಆ ಕಡೆ ಕಾಲರಾ ಹರಡಿತ್ತು. ಈಗ ಕರ್ನೂಲು ಜಿಲ್ಲೆಯಲ್ಲಿರುವ ಪತ್ತಿಕೊಂಡದಲ್ಲಿ ಅವರಿಗೂ ಕಾಲರಾ ತಗುಲಿತು. 1827ರ ಜುಲೈ 6ರಂದು ಅಲ್ಲೇ ತೀರಿಕೊಂಡರು. ಹತ್ತಿರದ ಗುತ್ತಿಯಲ್ಲಿ ಮಣ್ಣು ಮಾಡಿದರು, ಮುಂದೆ ಅವಶೇಷಗಳನ್ನು ಮದ್ರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ದೇವಾಲಯಕ್ಕೆ ತಂದರು. ಜೇನ್ ಅವರಿಗೆ ಸುದ್ದಿ ತಲುಪುವಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ಅಷ್ಟು ದಿನವೂ ಅವರು ಗಂಡ ಬರುತ್ತಾರೆಂದೇ ಕಾದಿದ್ದರು. ಮುಂದೆ 1850ರವರೆಗೆ ವಿಧವೆಯಾಗಿ ಬದುಕಿದರು.

ಪತ್ತಿಕೊಂಡದಲ್ಲಿ ಸರ್ಕಾರ ಅವರ ನೆನಪಿಗೆ ಬಾವಿ ತೋಡಿಸಿ ತೋಪು ಬೆಳೆಸಿತು. ಮದ್ರಾಸಿನಲ್ಲಿ ಕುದುರೆಯ ಮೇಲೆ ಕುಳಿತ ಅವರ ಪ್ರತಿಮೆ ಇಂದಿಗೂ ನಿಂತಿದೆ. ಅವೆಲ್ಲ ಊರವರಿಗೆ, ಸರ್ಕಾರಕ್ಕೆ ಸಿಕ್ಕ ನೆನಪುಗಳು. ಹೆಂಡತಿ ಮಕ್ಕಳಿಗೆ ಉಳಿದದ್ದು ಆ ಕಾಗದಗಳು.

6. ಧರ್ಮಸಭೆಯ ಮಾತು

ಇಂಥ ಕುಟುಂಬಗಳನ್ನು ಧರ್ಮಸಭೆ ಮರೆತಿಲ್ಲ. ಸಂತ ಎರಡನೇ ಜಾನ್ ಪಾಲ್ ಜಗದ್ಗುರುಗಳು 1981ರಲ್ಲಿ ಕುಟುಂಬದ ಬಗ್ಗೆ ಹೊರಡಿಸಿದ 'ಫಮಿಲಿಯಾರಿಸ್ ಕೊನ್ಸೋರ್ತಿಯೋ' ಎಂಬ ಪ್ರಬೋಧನಾ ಪತ್ರದ 77ನೇ ಭಾಗದಲ್ಲಿ ವಲಸೆ ಕೆಲಸಗಾರರು, ಸೈನಿಕರು, ನಾವಿಕರು, ಊರೂರು ತಿರುಗಿ ದುಡಿಯುವವರು ಇವರ ಕುಟುಂಬಗಳನ್ನು ಹೆಸರಿಸಿ, ಅವರಿಗೆ ವಿಶೇಷ ಪಾಲನೆ ಬೇಕೆಂದು ಹೇಳಿದ್ದಾರೆ. ಅಂದರೆ ಲಾರಿ ಓಡಿಸುವವರ ಮನೆ, ಗಲ್ಫ್‌ಗೆ ಹೋದವರ ಮನೆ ಧರ್ಮಕೇಂದ್ರದ ಅಂಚಿನಲ್ಲಿರುವ ಮನೆಗಳಲ್ಲ, ಗುರುಗಳು ಮತ್ತು ಜನರು ಮೊದಲು ವಿಚಾರಿಸಬೇಕಾದ ಮನೆಗಳು.

ಒಬ್ಬ ಸಂತರ ಮಾದರಿಯೂ ನಮಗಿದೆ. ಕಿರಿಯ ಪುಷ್ಪ ಸಂತ ತೆರೇಸಾರ ತಂದೆ ಲೂಯಿ ಮಾರ್ಟಿನ್ ಅವರು ಫ್ರಾನ್ಸಿನ ಅಲಾಂಸೋನ್ ಪಟ್ಟಣದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಹೆಂಡತಿ ಝೆಲಿ ಲೇಸ್ ಹೆಣೆಯುವ ಉದ್ಯೋಗ ನಡೆಸುತ್ತಿದ್ದರು. ಆ ಲೇಸಿನ ವ್ಯಾಪಾರಕ್ಕಾಗಿ ಲೂಯಿ ಪ್ಯಾರಿಸಿಗೆ ಹೋಗಿಬರುತ್ತಿದ್ದರು. 1863ರಲ್ಲಿ ಅಲ್ಲಿಂದ ಹೆಂಡತಿಗೆ ಬರೆದ ಕಾಗದದ ಕೊನೆಯಲ್ಲಿ ತಮ್ಮನ್ನು ಅವಳ ಗಂಡ ಎಂದಷ್ಟೇ ಕರೆದುಕೊಳ್ಳದೆ, ಜೀವನವಿಡೀ ಪ್ರೀತಿಸುವ ನಿಜವಾದ ಗೆಳೆಯ ಎಂದೂ ಬರೆದುಕೊಂಡರು. ಅಂಥ ಸಂಸಾರಿ ದಂಪತಿಗಳನ್ನು ಜಗದ್ಗುರು ಫ್ರಾನ್ಸಿಸ್ ಅವರು 2015ರ ಅಕ್ಟೋಬರ್ 18ರಂದು ಒಟ್ಟಿಗೇ ಸಂತಪದವಿಗೆ ಏರಿಸಿದರು.

7. ನಾವು ಕಲಿಯಬೇಕಾದದ್ದು

ಮೊದಲನೆಯದು, ಮನೆಯ ಮಾತು ಆಡಬೇಕು. ಮನ್ರೋ ಅವರ ಕಾಗದ ತಲುಪಲು ತಿಂಗಳುಗಳು ಬೇಕಿದ್ದವು. ನಮ್ಮ ಕೈಯಲ್ಲಿ ಫೋನ್ ಇದೆ, ವಾಟ್ಸಾಪ್‌ನಲ್ಲಿ ಮುಖ ನೋಡಿ ಮಾತನಾಡಬಹುದು. ಆದರೆ ಎಷ್ಟೋ ಮನೆಗಳಲ್ಲಿ ಆ ಮಾತು ಎರಡೇ ಪ್ರಶ್ನೆಗಳಲ್ಲಿ ಮುಗಿಯುತ್ತದೆ. ಅವಳು ಹಣ ಕಳುಹಿಸಿದಿರಾ ಎನ್ನುತ್ತಾಳೆ, ಅವನು ಬಂತಾ ಎನ್ನುತ್ತಾನೆ. ಹಣ ಬೇಕು, ಅದಕ್ಕಾಗಿಯೇ ಹೋಗಿರುವುದು. ಆದರೂ ಮಗುವಿಗೆ ನಿನ್ನೆ ಜ್ವರ ಇತ್ತಲ್ಲ, ರಾತ್ರಿ ನಿದ್ದೆ ಮಾಡಿತಾ, ನಿನಗೆ ನಿದ್ದೆ ಬಂತಾ ಎಂದು ಕೇಳುವ ಗಂಡ ಅಷ್ಟು ದೂರದಲ್ಲಿದ್ದರೂ ಮನೆಯಲ್ಲೇ ಇರುತ್ತಾನೆ. ಅದನ್ನು ಕೇಳದವನು ಮನೆಯೊಳಗೇ ಕುಳಿತಿದ್ದರೂ ದೂರವೇ.

ಎರಡನೆಯದು, ಪ್ರಾರ್ಥನೆಯಲ್ಲಿ ಯಜಮಾನರ ಪಾಲು ಇರಬೇಕು. ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಕಲಿಯುತ್ತಾರೆ. ಕನ್ನಡದಲ್ಲಿ ಶಿಲುಬೆ ಗುರುತು ಹಾಕುವುದನ್ನು, ನಮೋ ಮರಿಯ ಹೇಳುವುದನ್ನು ಅವರಿಗೆ ಕಲಿಸುವುದು ಮನೆಯೇ. ಆ ಭಾರವನ್ನೆಲ್ಲ ತಾಯಿ, ಅಜ್ಜಿಯರ ಮೇಲೆ ಹಾಕಿ ತಂದೆ ಸುಮ್ಮನಿರಬಾರದು. ವಾರದಲ್ಲಿ ಒಂದು ದಿನವಾದರೂ ಫೋನಿನಲ್ಲೇ ಒಂದು ರಹಸ್ಯದ ಜಪಸರವನ್ನು ಅವರು ಮುಂದಾಗಿ ಹೇಳಿಸಲಿ. ಅಪ್ಪನ ದನಿಯಲ್ಲಿ ಕೇಳಿದ ಜಪವನ್ನು ಮಕ್ಕಳು ಮರೆಯುವುದಿಲ್ಲ.

ಮೂರನೆಯದು, ಬರುವ ದಿನವನ್ನು ಗೊತ್ತು ಮಾಡಬೇಕು. ಈ ಸಾಲ ತೀರಲಿ, ಈ ಮನೆ ಕಟ್ಟಿ ಮುಗಿಯಲಿ, ಮಗಳ ಮದುವೆಯಾಗಲಿ ಎಂದು ಒಂದೊಂದೇ ವರ್ಷ ಮುಂದಕ್ಕೆ ಹೋಗುತ್ತದೆ. ಪ್ರತಿ ಕಾರಣವೂ ನ್ಯಾಯವೇ. ಮನ್ರೋ ಅವರ ಕಾರಣಗಳೂ ನ್ಯಾಯವೇ ಆಗಿದ್ದವು. ಆದ್ದರಿಂದ ಹೊರಡುವ ಮೊದಲೇ ಇಬ್ಬರೂ ಕುಳಿತು ಎಷ್ಟು ವರ್ಷ, ಎಷ್ಟು ಹಣ, ಆಮೇಲೆ ಏನು ಎಂದು ಮಾತಾಡಿಕೊಳ್ಳಲಿ. ದಿನ ಬದಲಾಯಿಸಬೇಕಾಗಿ ಬಂದರೆ ಒಬ್ಬರೇ ನಿರ್ಧರಿಸದೆ ಇಬ್ಬರೂ ಸೇರಿ ಬದಲಾಯಿಸಲಿ. ಅನ್ನಾ ಕೇಳಿದ ಪ್ರಶ್ನೆಯನ್ನು ಹೆಂಡತಿ ಕೇಳಿದರೆ ಅದನ್ನು ಜಗಳ ಎನ್ನಬೇಡಿ. ಅವಳಿಗೆ ಆ ಹಕ್ಕಿದೆ.

ನಾಲ್ಕನೆಯದು ಉಳಿದ ನಮಗೆ. ಒಂಟಿಯಾಗಿ ಮನೆ ನಡೆಸುವ ಹೆಣ್ಣುಮಗಳನ್ನು ಕುರಿತು ಆಡುವ ಒಂದು ಸಡಿಲ ಮಾತು ದೂರದಲ್ಲಿರುವ ಗಂಡನ ಕಿವಿಗೆ ಬಿದ್ದರೆ ಒಂದು ಸಂಸಾರವೇ ಕೆಡುತ್ತದೆ. ಅಂಥ ಮಾತು ನಮ್ಮ ಬಾಯಿಂದ ಬಾರದಿರಲಿ. ರಾತ್ರಿ ಮಗುವಿಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ಜೊತೆ ಹೋಗುವುದು, ಶಾಲೆಯ ಸಭೆಗೆ ನೆನಪಿಸುವುದು, ಹಬ್ಬದ ದಿನ ಆ ಮನೆಯವರನ್ನು ಊಟಕ್ಕೆ ಕರೆಯುವುದು ಇವು ನಮ್ಮ ಕೈಲಾಗುವ ಕೆಲಸಗಳು. ದೂರದಲ್ಲಿ ಒಂಟಿಯಾಗಿರುವ ಗಂಡಸರಿಗೂ ಕುಡಿತ, ಕೆಟ್ಟ ಸಹವಾಸದ ಅಪಾಯವಿದೆ. ಇರುವ ಊರಿನಲ್ಲಿ ಹತ್ತಿರದ ದೇವಾಲಯವನ್ನು ಹುಡುಕಿ, ಯಾವ ಭಾಷೆಯ ಪೂಜೆಯಾದರೂ ಸರಿ, ಭಾನುವಾರ ತಪ್ಪಿಸದಿರಲಿ. ನಾಲ್ಕು ಭಾಷೆ ಕೇಳುವ ಸೀಮೆಯಲ್ಲಿ ಬೆಳೆದ ನಮಗೆ ಅದು ಕಷ್ಟವಲ್ಲ.

ಕುಟುಂಬದಲ್ಲಿ, ಅನ್ಬಿಯ ಕೂಟದಲ್ಲಿ ಚರ್ಚಿಸಲು

1. ಅನ್ನಾ ಗಂಡನಿಗೆ ಕೇಳಿದ ಪ್ರಶ್ನೆ ನಮ್ಮ ಮನೆಯಲ್ಲಿ ಯಾರ ಮನಸ್ಸಿನಲ್ಲಿದೆ? ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಅವಕಾಶವಿದೆಯೇ?

2. ದೂರದಲ್ಲಿರುವವರೊಂದಿಗೆ ಕಳೆದ ವಾರ ನಾವು ಏನು ಮಾತಾಡಿದೆವು? ಅದರಲ್ಲಿ ಹಣದ ಮಾತು ಎಷ್ಟು, ಮನೆಯ ಮಾತು ಎಷ್ಟು?

3. ನಮ್ಮ ಬೀದಿಯಲ್ಲಿ ಯಜಮಾನರು ಹೊರಗಿರುವ ಮನೆಗಳು ಯಾವುವು? ಈ ತಿಂಗಳು ಅವರಿಗಾಗಿ ನಾವು ಯಾವ ಒಂದು ಕೆಲಸ ಮಾಡಬಲ್ಲೆವು?

ಪ್ರಾರ್ಥನೆ

ತಂದೆಯಾದ ದೇವರೇ, ತೋಬಿಯನ ಪ್ರಯಾಣದಲ್ಲಿ ನಿಮ್ಮ ದೂತ ರಫಾಯೇಲರನ್ನು ಜೊತೆಗೆ ಕಳುಹಿಸಿದಿರಿ. ಅನ್ನಕ್ಕಾಗಿ ಮನೆ ಬಿಟ್ಟಿರುವ ನಮ್ಮವರ ದಾರಿಯನ್ನು ಕಾಯಿರಿ. ಕಾದಿರುವ ಹೆಂಡತಿಗೆ ಧೈರ್ಯವನ್ನೂ, ಮಕ್ಕಳಿಗೆ ಆರೋಗ್ಯವನ್ನೂ, ದೂರದಲ್ಲಿರುವ ಗಂಡನಿಗೆ ನಿಷ್ಠೆಯನ್ನೂ ಕೊಡಿರಿ. ಅವರನ್ನು ಮತ್ತೆ ಒಂದೇ ಸೂರಿನ ಕೆಳಗೆ ಸೇರಿಸಿರಿ. ಸಂತ ಜೋಸೆಫರೇ, ಮಾತೆ ಮರಿಯಮ್ಮನವರನ್ನೂ ಬಾಲಯೇಸುವನ್ನೂ ಈಜಿಪ್ಟಿನಿಂದ ಕ್ಷೇಮವಾಗಿ ಮನೆಗೆ ಕರೆತಂದವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.